ಒಂದೇ ಕರಿ ಕಾಯಿ

ಎದುರು ಕುರ್ಚಿಯ ಯಜಮಾನರೇ,

ಬೆಳಗ್ಗೆಯಿಂದ ಹಲ್ಲು ಕಟಕಟಿಸುವ ಚಳಿ. ನೀವಿದ್ದಿದ್ದರೆ ಕಿಟಕಿಯಿಂದ ಒಮ್ಮೆ ಇಣುಕಿ, "ಇವತ್ತು ಅಂಟು ಹಿಡಿಯಲ್ಲ ಕಣೆ, ಅಂಗಡಿ ತೆಗೆದು ಏನ್ ಮಾಡ್ಲಿ?" ಎನ್ನುತ್ತಿದ್ದಿರಿ. ಬೇರೆ ಬಡಗಿಗಳ ಅಂಟು ಚಳಿಯಲ್ಲೂ ಹೇಗೆ ಹಿಡಿಯುತ್ತಿತ್ತೋ, ನಾನು ಕೇಳಲಿಲ್ಲ. ಕೇರಂ ಬೋರ್ಡು ಹೊರಗೆ ಬರುವುದು ನನಗೂ ಬೇಕಿತ್ತು.

ಬಿಸಿ ಚಹಾ, ಕಾಲಿಗೆ ಎರಡೆರಡು ಜೊತೆ ಸಾಕ್ಸು, ಮೇಲಿಂದ ಇಳಿಬಿಟ್ಟ ಹಳದಿ ಬಲ್ಬು. ಆ ಬಲ್ಬಿಗೆ ಬೆರಳು ಕಾಯಿಸಿಕೊಳ್ಳುತ್ತಾ ನೀವು ಗುರಿ ನೋಡುತ್ತಾ ಕೂತರೆ ನನ್ನ ಚಹಾ ತಣ್ಣಗಾಗುತ್ತಿತ್ತು. "ಬೇಗ ಆಡ್ರೀ, ಮೊಮ್ಮಕ್ಕಳ ಕಾಲಕ್ಕೆ ಮುಗಿಸ್ತೀರಾ?" ಎಂದು ರೇಗುತ್ತಿದ್ದೆ.

ಹೋದ ಚಳಿಗಾಲ, ಆಟದ ನಡುವೆಯೇ ಆಸ್ಪತ್ರೆಗೆ ಹೊರಟಾಗ ಎದೆ ಹಿಡಿದುಕೊಂಡೇ "ಕಾಯಿ ಮುಟ್ಟಬೇಡ, ಬಂದು ಮುಗಿಸ್ತೀನಿ" ಎಂದಿರಿ. ನೀವು ಮನೆಗೆ ಬರಲೇ ಇಲ್ಲ. ಮಗಳು "ಅಮ್ಮಾ, ಆ ಬೋರ್ಡನ್ನ ಎತ್ತಿ ಗೋಡೆಗೆ ಒರಗಿಸ್ಬಾರ್ದಾ?" ಎಂದಾಗಲೆಲ್ಲ ಮಾತು ಮರೆಸಿದೆ.

ಈ ಸಲ ಚಳಿ ಶುರುವಾದ ದಿನ, ಹೊತ್ತು ಹೋಗದೆ, ನನ್ನ ಸರದಿಯ ಹೊಡೆತ ಹೊಡೆದು ಚಹಾಕ್ಕೆ ಎದ್ದೆ. ವಾಪಸ್ ಬಂದರೆ ನಿಮ್ಮದೊಂದು ಕರಿ ಕಾಯಿ ಪಾಕೆಟ್ಟಿಗೆ ಬಿದ್ದಿತ್ತು. ನಿಮ್ಮ ಕಡೆಯ ಪೌಡರಿನ ಮೇಲೆ ಕೈಯೂರಿದ ಗುರುತು. ತೋರುಬೆರಳು ಅರ್ಧ, ಗರಗಸ ಉಳಿಸಿದ್ದಷ್ಟೇ. ಮೈ ಜುಮ್ಮೆಂದಿತು. ಆದರೆ ಹೆದರಿಕೆಗಿಂತ ಸಂತೋಷವೇ ದೊಡ್ಡದಾಗಿತ್ತು ರೀ. ಅಂದಿನಿಂದ ಚಳಿ ಬಿದ್ದಾಗಲೆಲ್ಲ ನನ್ನದೊಂದು ಹೊಡೆತ, ನಿಮ್ಮದೊಂದು. ನಾನು ಅಡುಗೆಮನೆಯಲ್ಲಿರುವಾಗ ಟಕ್ ಎಂದು ಸದ್ದಾಗುತ್ತದೆ. ತಿರುಗಿ ನೋಡುವುದಿಲ್ಲ.

ಇವತ್ತು ನನ್ನ ಗುರಿ ತಪ್ಪಿತು. ನಿಮ್ಮದು ಉಳಿದಿದ್ದು ಒಂದೇ ಕರಿ ಕಾಯಿ, ಅದೂ ಪಾಕೆಟ್ಟಿನ ಬಾಯಲ್ಲಿ. ಮುಗಿಸುತ್ತೇನೆಂದು ಬಂದವರು ನೀವು. ಮುಗಿದ ಮೇಲೆ ಯಾಕೆ ಬರುತ್ತೀರಿ? ಆಟದಲ್ಲಿ ಎಂದೂ ಮೋಸ ಮಾಡದ ನಾನು, ನಿಮ್ಮ ಬಿದ್ದ ಕಾಯಿಯೊಂದನ್ನು ತೆಗೆದು ನಡುವೆ ಇಟ್ಟು, ಏನೂ ಗೊತ್ತಿಲ್ಲದವಳಂತೆ ಒಳಗೆ ಹೋದೆ.

ಬಹಳ ಹೊತ್ತು ಸದ್ದೇ ಇಲ್ಲ. ಚಹಾ ಹಿಡಿದು ಬಂದು ನೋಡಿದರೆ ಆ ಕರಿ ಕಾಯಿ ಇಟ್ಟಲ್ಲೇ ಇತ್ತು, ಪಾಕೆಟ್ಟಿನ ಬಾಯಲ್ಲಿದ್ದದ್ದೂ ಹಾಗೇ. ಅದರ ಪಕ್ಕಕ್ಕೆ ಒತ್ತಿಕೊಂಡು ಒಂದು ಬಿಳಿ ಕಾಯಿ. ನಾನು ಎಂದೋ ಗೆದ್ದು ಪಾಕೆಟ್ಟಿಗೆ ಹಾಕಿದ್ದು. ಬಲ್ಬು ಇನ್ನೂ ತೂಗುತ್ತಿತ್ತು.

ಈ ಕಾಗದವನ್ನು ಪೌಡರ್ ಡಬ್ಬಿಯ ಕೆಳಗೆ ಇಟ್ಟಿರುತ್ತೇನೆ. ಬೆರಳು ಚೆನ್ನಾಗಿ ಕಾಯಿಸಿಕೊಳ್ಳಿ. ಈ ಚಳಿ ನಮ್ಮಿಬ್ಬರನ್ನೂ ಕಾಯಲಿ. ನಿಧಾನವಾಗಿ ಆಡಿ.

ಇಂತಿ,
ಚಹಾ ತಣ್ಣಗಾದರೂ ಇನ್ನು ರೇಗದ
ನಿಮ್ಮವಳು