ಸೀಮೆಸುಣ್ಣದ ಹಡಗು

ಪಟ್ಟಂದೂರು ಅಗ್ರಹಾರ
ಗುರುವಾರ, ೧೨ ಸೆಪ್ಟೆಂಬರ್ ೨೦೧೩

ಅಮರೇಶ್ ಅವರಿಗೆ,

ನಮಸ್ಕಾರ. ಮಕ್ಕಳಿಬ್ಬರೂ ಆರೋಗ್ಯವಾಗಿದ್ದಾರೆ. ನಿಮ್ಮ ತಾಯಿಯವರ ಮಂಡಿನೋವು ಹಾಗೇ ಇದೆ. ದಸರಾದ ಹಡಗು ಪ್ರವಾಸಕ್ಕೆ ನಮ್ಮ ನಾಲ್ವರ ಪಾಸ್‌ಪೋರ್ಟ್ ಪ್ರತಿಗಳನ್ನು ಕೊರಿಯರ್ ಮಾಡಲು ಹೇಳಿದ್ದಿರಿ. ಈ ಲಕೋಟೆಯಲ್ಲಿ ಅವು ಇಲ್ಲ. ಯಾಕೆ ಇಲ್ಲ ಎನ್ನುವುದು ಓದುತ್ತ ಹೋದರೆ ತಿಳಿಯುತ್ತದೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನೀವು ನಗುತ್ತೀರಿ. ಈಮೇಲ್ ಬರೆದರೆ ನಿಮ್ಮ ಇರಣ್ಣ ಮಾವನಿಗೆ ಕಳಿಸುತ್ತೀರಿ. ಕಾಗದವನ್ನು ಹಾಗೆ ಕಳಿಸಬೇಕಾದರೆ ಎದ್ದು ಹೋಗಿ ನಕಲು ಮಾಡಿಸಬೇಕು. ಅಷ್ಟು ಕಷ್ಟ ಪಡುವವರು ನೀವಲ್ಲ.

ನನ್ನ ಕೈಯಲ್ಲಿ ರಷ್ಯನ್ ಕಾದಂಬರಿ ಕಂಡಾಗಲೆಲ್ಲ ನೀವು ಹೇಳುತ್ತಿದ್ದ ಮಾತು ನೆನಪಿದೆ: "ರಷ್ಯಾದವರ ಜಗಳ ಓದಿ ಓದಿ, ಅಂಥಾದ್ದ ನಮ್ಮ ಮನ್ಯಾಗೂ ಹುಡುಕತಿ ನೀ." ಈ ಸಲ ನಾನು ಹುಡುಕಲಿಲ್ಲ. ಅದೇ ಬಂದು ಸಿಕ್ಕಿತು.

ಹಡಗಿನ ಮಾತು ಹೇಗೆ ಶುರುವಾಯಿತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನೀವು ಕಾರ್ಖಾನೆಯ ಪಾಳಿಗೆ ಹತ್ತಿರವಾಗುತ್ತದೆ ಎಂದು ಬೊಮ್ಮಸಂದ್ರದಲ್ಲಿ ಮನೆ ಹಿಡಿದು, ತಾಯಿಯನ್ನು ಮಕ್ಕಳ ನೆಪದಲ್ಲಿ ಇಲ್ಲೇ ಬಿಟ್ಟು ಹೋದಿರಿ. ಆಷಾಢದಲ್ಲಿ ಇರಣ್ಣ ಮಾವ ರಾಜಿ ಮಾಡಿಸಲು ಲಿಂಗಸುಗೂರಿನಿಂದ ಬಂದರು. ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. ಅವರ ದನಿ ಎಂದಾದರೂ ಸಣ್ಣದಿದ್ದದ್ದು ಉಂಟೇ?

"ಏನಪಾ ಅಮರೇಶ, ಒಂದು ಮಾತಂದ್ರ ಆಕಿ ಚಪ್ಪಲಿ ಮೆಟಗೊಂಡು ಕೆಳಗ ಇಳದು ಹೋಗ್ತಾಳ ಅಂತಿ. ಹಂಗಂದ್ರ ಹಡಗದಾಗ ಕರ್ಕೊಂಡು ಹೋಗು. ನೀರಿನ ನಡುವ ಸಿಟ್ಟು ಬಂದ್ರ ಎಲ್ಲಿಗೆ ಹೊಕ್ಕಾಳ?"

ನೀವು ನಕ್ಕಿರಿ. ನಾನು ಚಹಾ ತಂದಿಟ್ಟಾಗ ಆ ನಗು ಇನ್ನೂ ನಿಮ್ಮ ಮುಖದ ಮೇಲಿತ್ತು. ಅದೇ ಮುಖದಲ್ಲಿ ವಚನಾಳನ್ನು ಕರೆದು, "ದಸರಾ ರಜಾಕ್ಕ ಹಡಗದಾಗ ಹೋಗೂಣು, ಪುಟ್ಟಿ" ಎಂದಿರಿ. ನನ್ನನ್ನು ಕೇಳುವ ಮೊದಲು ಆರು ವರ್ಷದ ಮಗುವಿಗೆ ಹೇಳಿದಿರಿ. ಬೇಡ ಎನ್ನುವ ಪಾಪ ನನ್ನದಾಗಲಿ ಎಂದು.

ಬೇಡ ಎನ್ನಲಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಇಷ್ಟವಿಲ್ಲ, ಆದರೂ ಬರೆಯುತ್ತೇನೆ: ಹೋಗಬೇಕೆಂದು ನನಗೂ ಆಸೆಯಾಯಿತು. ನಾನು ಸಮುದ್ರವನ್ನು ದಡದಿಂದ ಮಾತ್ರ ನೋಡಿದವಳು. ನೀವು ಕಳಿಸಿದ ಹಡಗಿನ ನಕ್ಷೆಯನ್ನು ಆಫೀಸಿನಲ್ಲಿ ಊಟದ ಹೊತ್ತಿಗೆ ತೆರೆದಿಟ್ಟುಕೊಂಡು ನೋಡಿದೆ. ಕಿಟಕಿ ಇಲ್ಲದ ಒಳಕೋಣೆಗಳನ್ನು ಆರಿಸಿದ್ದಿರಿ. ಒಂದರಲ್ಲಿ ನಿಮ್ಮ ತಾಯಿ ಮತ್ತು ವಚನಾ, ಇನ್ನೊಂದರಲ್ಲಿ ನೀವು, ನಾನು, ಸಿದ್ಧಾರ್ಥ್. ನಾನು ಹುಡುಕಿದ್ದು ಬೇರೆ. ನಡೆಯಲು ಜಾಗ ಎಲ್ಲಿದೆ ಎಂದು. ಮೇಲಿನ ಅಂತಸ್ತಿನಲ್ಲಿ ಹಡಗನ್ನು ಪೂರ್ತಿ ಸುತ್ತಿಬರುವ ದಾರಿಯೊಂದಿದೆ. ಇರಣ್ಣ ಮಾವನಿಗೆ ತಿಳಿಸಿ. ನೀರಿನ ನಡುವೆಯೂ ಚಪ್ಪಲಿ ಮೆಟ್ಟಿಕೊಂಡು ಹೋಗಲು ಜಾಗವಿದೆ.

ತಯಾರಿಯನ್ನೂ ನಡೆಸಿದೆ. ಒದ್ದೆ ಮಾಡಿಕೊಳ್ಳುವ ಮಕ್ಕಳನ್ನು ಹಡಗಿನ ಈಜುಕೊಳಕ್ಕೆ ಬಿಡುವುದಿಲ್ಲ ಎಂಬ ನಿಯಮವನ್ನು ಓದಿ ಸಿದ್ಧಾರ್ಥನಿಗೆ ಡೈಪರ್ ಬಿಡಿಸಿ ಚಡ್ಡಿಯ ಅಭ್ಯಾಸ ಮಾಡಿಸಿದೆ. ಈಗ ಅವನು ಹೇಳುತ್ತಾನೆ, ಆದರೆ ಆದಮೇಲೆ ಹೇಳುತ್ತಾನೆ. ನಿಮ್ಮ ತಾಯಿ ಸಜ್ಜೆರೊಟ್ಟಿ, ಶೇಂಗಾಪುಡಿ ಕಟ್ಟಿಕೊಳ್ಳಲು ಹೊರಟರು. ಹೊರಗಿನ ಅಡುಗೆಯನ್ನು ಹಡಗಿಗೆ ಬಿಡುವುದಿಲ್ಲ ಎಂದೆ. "ರೊಟ್ಟಿ ಬಿಡಂಗಿಲ್ಲಂದ್ರ ಅದೆಂಥಾ ಹಡಗ ಅದು? ರೊಟ್ಟಿ ಭಾರಕ್ಕ ಮುಳಗತದೇನು?" ಎಂದರು. ಒಂದು ವರ್ಷದಲ್ಲಿ ಅವರು ನನ್ನೆದುರು ತಮಾಷೆಯಾಗಿ ಆಡಿದ ಮೊದಲ ಮಾತು ಅದು. ನಗಬೇಕೋ ಬೇಡವೋ ನನಗೆ ತಿಳಿಯಲಿಲ್ಲ.

ಒಂದು ವರ್ಷ ಎಂದು ಯಾಕೆ ಬರೆದೆ ಎಂಬುದು ನಿಮಗೆ ಗೊತ್ತು.

ಕಳೆದ ವರ್ಷ ನಿಮ್ಮ ಕಾರ್ಖಾನೆಯವರು ಕುಟುಂಬಗಳನ್ನೆಲ್ಲ ಹೊಸೂರು ರಸ್ತೆಯ ರೆಸಾರ್ಟಿಗೆ ಕರೆದುಕೊಂಡು ಹೋದ ದಿನ. ಸಿದ್ಧಾರ್ಥನಿಗೆ ಮೈ ಬಿಸಿಯಾಗಿತ್ತು. ನಾನು ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಊಟದ ಹಾಲಿನಲ್ಲಿ ಕೂತಿದ್ದೆ. ವಚನಾಳನ್ನು ನೀರಿಗೆ ಕರೆದುಕೊಂಡು ಹೋದವರು ನೀವು. ಸಂಜೆ ಮನೆಗೆ ಬಂದು ಸ್ನಾನ ಮಾಡಿಸುವಾಗ ಅವಳ ಕೊರಳು ಬರಿದಾಗಿತ್ತು. ಶಿವದಾರವಿಲ್ಲ, ಬೆಳ್ಳಿಯ ಕರಡಿಗೆಯಿಲ್ಲ, ಅದರೊಳಗಿನ ಇಷ್ಟಲಿಂಗವಿಲ್ಲ. ನಾನು ಕೂಗಿದೆ. ನೀವು ಬಚ್ಚಲ ಬಾಗಿಲಿಗೆ ಬಂದು ನಿಂತು, ನಿಮ್ಮ ತಾಯಿಗೆ ಕೇಳುವಂತೆ ಹೇಳಿದಿರಿ: "ಮುಂಜಾನಿ ಜಳಕಾ ಮಾಡಸೂಮುಂದ ನೀನ ತಗದಿದ್ದಿ ನೋಡು. ಎಲ್ಲಿಟ್ಟೀ?"

ಎಲ್ಲಿಟ್ಟೆ ಎಂದು ನಾನೂ ಯೋಚಿಸಿದೆ. ನೀವು ಅಷ್ಟು ಖಚಿತವಾಗಿ ಹೇಳಿದ ಮೇಲೆ ತೆಗೆದದ್ದು ನಿಜವೇ ಇರಬೇಕು ಎಂದುಕೊಂಡೆ. ಬಟ್ಟೆ ಒಗೆಯುವ ಯಂತ್ರದ ಜಾಲರಿ ಬಿಚ್ಚಿದೆ. ಸೋಪಿನ ಪೆಟ್ಟಿಗೆ, ಹಾಸಿಗೆಯ ಸಂದು, ಕಸದ ಚೀಲ. ಮರುದಿನ ಪ್ಲಂಬರ್ ಮುನಿಯಣ್ಣನನ್ನು ಕರೆಸಿ ಬಚ್ಚಲಿನ ಮೋರಿ ತೆಗೆಸಿದೆ. ಆತ ಮೊಣಕೈವರೆಗೆ ಕೈ ಹಾಕಿ ತಡಕಾಡಿ, "ಮೇಡಂ, ಕೂದ್ಲು ಬಿಟ್ರೆ ಇಲ್ಲಿ ಇನ್ನೇನೂ ಇಲ್ಲ. ಇನ್ನೊಂದ್ಸಲ ಮನ್ಸಲ್ಲಿ ನೆನೆಸ್ಕೊಳಿ, ಎಲ್ಲಿ ಬಿಚ್ಚಿದ್ರಿ ಅಂತ" ಎಂದ. ಮೋರಿಯೊಳಕ್ಕೆ ಬೆಳಕು ಬೀಳಲೆಂದು ಬ್ಯಾಟರಿ ಹಿಡಿದು ನಿಂತಿದ್ದವರು ನೀವು. ಆತ ಹೇಳಿದಾಗಲೆಲ್ಲ ಅತ್ತ ಇತ್ತ ತಿರುಗಿಸಿ ಹಿಡಿದಿರಿ.

ನಿಮ್ಮ ತಾಯಿ ಮೂರು ದಿನ ಅನ್ನ ಮುಟ್ಟಲಿಲ್ಲ. ಆಮೇಲೆ ಮಗುವನ್ನು ಮಠಕ್ಕೆ ಕರೆದುಕೊಂಡು ಹೋಗಿ ಹೊಸ ಲಿಂಗ ಕಟ್ಟಿಸಿಕೊಂಡು ಬಂದರು. ಸಿದ್ಧಾರ್ಥನಿಗೆ ಕಟ್ಟುವುದನ್ನು ಮುಂದಕ್ಕೆ ಹಾಕಿದರು. "ಈ ಮನ್ಯಾಗ ಲಿಂಗಾ ನಿಲ್ಲಂಗಿಲ್ಲ" ಎಂದರು. ಅಂದಿನಿಂದ ವಚನಾಳ ಸ್ನಾನದ ಹೊತ್ತಿಗೆ ಬಚ್ಚಲ ಬಾಗಿಲಿನಲ್ಲಿ ಬಂದು ನಿಂತು, ನನ್ನ ಬೆರಳು ದಾರಕ್ಕೆ ತಾಗುವ ಮುಂಚೆ, "ಕೊಡಿಲ್ಲೆ, ನಿನ್ನ ಕೈಯಾಗ ಬ್ಯಾಡ" ಎಂದು ತಾವೇ ತೆಗೆದು ಅಂಗೈಯಲ್ಲಿ ಹಿಡಿದು ನಿಲ್ಲುತ್ತಾರೆ. ಪ್ರತಿದಿನ. ಕೆಲಸದ ಚಿಕ್ಕಮುನಿಯಮ್ಮ ನೋಡುತ್ತಿರುವಾಗಲೂ.

ನಾನು ಅವರನ್ನು ದ್ವೇಷಿಸಿದೆ. ತಪ್ಪು ಜಾಗದಲ್ಲಿ ದ್ವೇಷಿಸಿದೆ ಎಂದು ಈಗ ತಿಳಿಯುತ್ತದೆ. ನಮ್ಮ ನಡುವೆ ಯಾವ ಮಾತು ಶುರುವಾದರೂ, ನಿಮ್ಮ ಪಾಳಿಯಿರಲಿ, ನನ್ನ ಕೆಲಸವಿರಲಿ, ಶಾಲೆಯಿರಲಿ, ನೀವು ಅದನ್ನು ಒಂದೇ ಕಡೆ ತಂದು ನಿಲ್ಲಿಸುತ್ತಿದ್ದಿರಿ: "ಮಗಳ ಲಿಂಗಾ ಕಳದಾಕಿ ನನಗೇನ ಹೇಳ್ತಿ?" ಅದಕ್ಕೇ ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದು ಹೋಗುತ್ತಿದ್ದೆ.

ಈಗ ಮೊನ್ನೆಯ ವಿಷಯ. ಮಂಗಳವಾರ ಸಂಜೆ, ಹಡಗಿನ ಕೋಣೆ ಎಷ್ಟು ಚಿಕ್ಕದು ಎಂದು ಮಕ್ಕಳಿಗೆ ತೋರಿಸಲು ಹಾಲಿನ ನೆಲದ ಮೇಲೆ ಸೀಮೆಸುಣ್ಣದಿಂದ ಅದರ ಅಳತೆಗೆ ಗೆರೆ ಎಳೆದೆ. ಅವರಿಗೆ ಅಷ್ಟು ಸಾಕಾಯಿತು. ವಚನಾ ಅದಕ್ಕೆ ಮೂತಿ ಬಿಡಿಸಿದಳು, ಹಿಂದೆ ಹೊಗೆಕೊಳವೆ ಬಿಡಿಸಿದಳು, ದಿವಾನದ ಪಕ್ಕ ಒಂದು ದುಂಡನೆಯ ಈಜುಕೊಳ ಬರೆದಳು. ತಾನೇ ಕ್ಯಾಪ್ಟನ್. ಸಿದ್ಧಾರ್ಥ್ ಕೊಳಕ್ಕೆ ಇಳಿಯಲು ಹೋದಾಗ ತಡೆದು ನಿಲ್ಲಿಸಿ, ರೆಸಾರ್ಟಿನ ಕೊಳದ ಬಳಿ ಸೀಟಿ ಊದುವವನ ಹಾಗೆ ಬಾಯಿ ಮಾಡಿ, "ದಾರ-ಗೀರ ಎಲ್ಲ ಬಿಚ್ರೀ!" ಎಂದಳು. ಆಮೇಲೆ ತನ್ನ ಕೊರಳಿನ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನನ್ನ ಕಡೆ ತಿರುಗಿದಳು.

"ಅಮ್ಮಾ, ಹಡಗಲ್ಲಿ ಇದನ್ನ ನಾನೇ ಇಟ್ಕೋತೀನಿ. ಅಪ್ಪಂಗೆ ಕೊಡಲ್ಲ. ಅಪ್ಪ ಕಪ್ಪಲ್ಲಿ ಹಾಕ್ತಾರೆ."

ಯಾವ ಕಪ್ಪು ಎಂದು ಕೇಳಿದೆ.

"ಕಾಗದದ ಕಪ್ಪು. ವಾಚೂ ಅದ್ರಲ್ಲೇ ಇತ್ತು. ವಾಚ್ ತಗೊಂಡು ಕಟ್ಕೊಂಡ್ರು, ಕಪ್ಪನ್ನ ಮಡಚಿ ಕಸದ ಡಬ್ಬಕ್ಕೆ ಎಸೆದ್ರು. ನಾನು ಹೇಳ್ದೆ, ಅವ್ರು ಫೋನಲ್ಲಿದ್ರು. ಕಾರಲ್ಲಿ ನೀವು ಮಲಗಿದ್ದಾಗ ಮತ್ತೆ ಹೇಳ್ದೆ. ಆಗ ಅಪ್ಪ..."

ಅಷ್ಟಕ್ಕೆ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಬೆರಳ ಸಂದಿನಿಂದ ಕೇಳಿದಳು: "ಹೇಳ್ಬಿಟ್ಟೆನಲ್ಲಮ್ಮಾ. ಈಗ ಹಡಗು ಬರಲ್ವಾ?"

ಅಜ್ಜಿಗೂ ಹೇಳಬಾರದು, ಅಮ್ಮನಿಗೂ ಹೇಳಬಾರದು, ಹೇಳದೆ ಇದ್ದರೆ ಒಂದು ದಿನ ದೊಡ್ಡ ಹಡಗಿನಲ್ಲಿ ಕರೆದುಕೊಂಡು ಹೋಗುತ್ತೇನೆ. ನೀವು ಕಾರಿನಲ್ಲಿ ಹೀಗೆ ಹೇಳಿದ್ದಿರಿ ಎಂದು ಅವಳೇ ಬಿಡಿಸಿ ಹೇಳಿದಳು. ಹಡಗಿನ ಮಾತು ಇರಣ್ಣ ಮಾವನ ಬಾಯಿಂದ ಹುಟ್ಟಿದ್ದು ಎಂದು ನಾನು ತಿಳಿದಿದ್ದೆ. ಅವರು ಆಡಿದ್ದು ಬರೀ ಕುಹಕ. ಹಡಗು ಅದಕ್ಕೂ ಮೊದಲೇ ಮಾತಾಗಿತ್ತು. ಐದು ವರ್ಷದ ಮಗುವಿನ ಬಾಯಿಗೆ ಹಾಕಿದ ಬೀಗ ಅದು. ಅವಳು ಅದನ್ನು ನಿಮಗಿಂತ ನಿಯತ್ತಾಗಿ ಕಾಪಾಡಿದಳು. ಬಚ್ಚಲ ಬಾಗಿಲಿನಲ್ಲಿ ಅಜ್ಜಿ "ನಿನ್ನ ಕೈಯಾಗ ಬ್ಯಾಡ" ಎಂದಾಗಲೆಲ್ಲ ಅವಳು ಯಾಕೆ ನನ್ನ ಸೆರಗು ಹಿಡಿದುಕೊಳ್ಳುತ್ತಿದ್ದಳು ಎಂದು ಈಗ ಅರ್ಥವಾಗುತ್ತಿದೆ. ನೀರು ಕಣ್ಣಿಗೆ ಹೋಯಿತೇನೋ ಎಂದುಕೊಳ್ಳುತ್ತಿದ್ದೆ.

ಲಿಂಗ ಕಳೆದದ್ದಕ್ಕೆ ನಾನು ನಿಮ್ಮನ್ನು ಏನೂ ಅನ್ನುವುದಿಲ್ಲ. ಯಾರ ಕೈಯಿಂದಲೂ ಕಳೆಯಬಹುದು. ನಿಮ್ಮ ಔಷಧ ಕಾರ್ಖಾನೆಯಲ್ಲಿ ಮಾತ್ರೆಯ ಮಿಶ್ರಣ ಒಂದಿಷ್ಟು ಹೆಚ್ಚುಕಡಿಮೆಯಾದರೂ, ತಪ್ಪಾದಲ್ಲೇ, ತಪ್ಪು ಮಾಡಿದವನ ಕೈಯಿಂದಲೇ ಬರೆಸಿ ರುಜು ಹಾಕಿಸುತ್ತೀರಂತೆ. ಮದುವೆಯಾದ ಹೊಸತರಲ್ಲಿ ನನಗೆ ಅದನ್ನು ಎಷ್ಟು ಹೆಮ್ಮೆಯಿಂದ ವಿವರಿಸಿದ್ದಿರಿ! ಮನೆಗೆ ಮಾತ್ರ ಆ ಪದ್ಧತಿ ತರಲಿಲ್ಲ.

ಎರಡು ದಿನ ಯೋಚಿಸಿದೆ. ಮೊದಲು ಮನಸ್ಸಿಗೆ ಬಂದದ್ದು ಹಡಗು ಬೇಡ ಎಂದು. ಆದರೆ ಹಡಗು ನಿಂತರೆ, ತಾನು ಬಾಯಿ ಬಿಟ್ಟದ್ದರಿಂದಲೇ ನಿಂತಿತು ಎಂದು ವಚನಾ ತಿಳಿಯುತ್ತಾಳೆ. ನಿಜ ಹೇಳಿದರೆ ಹಡಗು ಮುಳುಗುತ್ತದೆ ಎಂದು ನನ್ನ ಮಗಳು ಕಲಿಯುವುದು ಬೇಡ. ಆದ್ದರಿಂದ ಹಡಗು ಹೊರಡುತ್ತದೆ. ನಾನು ಮತ್ತು ಮಕ್ಕಳು ಹೋಗುತ್ತೇವೆ. ನೀವು ಬರುವುದಿಲ್ಲ.

ತಂದೆ ಜೊತೆಗಿಲ್ಲದೆ ಮಕ್ಕಳು ಹೊರಡಲು ತಂದೆಯ ಒಪ್ಪಿಗೆ ಬೇಕಂತೆ. ಒಪ್ಪಿಗೆಪತ್ರವನ್ನು ಇದರ ಜೊತೆಗಿಟ್ಟಿದ್ದೇನೆ. ಭಾನುವಾರ ಮಕ್ಕಳನ್ನು ನೋಡಲು ಬರುವಾಗ ರುಜು ಹಾಕಿ ತನ್ನಿ. ಬಂದವರು ಮೊದಲು ವಚನಾಳನ್ನು ಕೂರಿಸಿಕೊಂಡು, ಹೇಳಿದ್ದು ಒಳ್ಳೆಯದಾಯಿತು, ಹೇಳಿದ್ದಕ್ಕೇ ಹಡಗು ಬಂತು ಎಂದು ನಿಮ್ಮ ಬಾಯಿಂದ ಹೇಳಬೇಕು. ಆಮೇಲೆ ನಿಮ್ಮ ತಾಯಿಗೆ ಆ ಕಪ್ಪಿನ ವಿಷಯ ಹೇಳಬೇಕು. ನಾನು ಹೇಳುವುದಿಲ್ಲ. ನಾನು ಹೇಳಿದರೆ ಅದು ಸೊಸೆಯ ದೂರಾಗುತ್ತದೆ.

ಪಾಸ್‌ಪೋರ್ಟ್ ಪ್ರತಿಗಳನ್ನು ಟ್ರಾವೆಲ್ಸಿನವರಿಗೆ ನಾನೇ ಕೊಡುತ್ತೇನೆ. ನಿಮ್ಮ ಹೆಸರನ್ನು ತೆಗೆಯಲು ಅವರಿಗೆ ಈಮೇಲ್ ಬರೆದಿಟ್ಟಿದ್ದೇನೆ. ಇನ್ನೂ ಕಳಿಸಿಲ್ಲ. ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋದ ತಕ್ಷಣ ಕಳಿಸುತ್ತೇನೆ. ಭಾನುವಾರ ನೀವು ಏನು ಹೇಳಿದರೂ, ಹೇಳದಿದ್ದರೂ ಕಳಿಸುತ್ತೇನೆ.

ಇಂತಿ,
ವಚನಾ ಮತ್ತು ಸಿದ್ಧಾರ್ಥರ ತಾಯಿ,
ಸ್ಫೂರ್ತಿ

ತಾ.ಕ.: ಮಂಗಳವಾರ ಹಡಗಿನಲ್ಲಿ ನಾವು ಮೂವರೇ ಇದ್ದೆವು ಎಂಬಂತೆ ಬರೆದಿದ್ದೇನೆ. ನಾವು ನಾಲ್ವರಿದ್ದೆವು. ನಿಮ್ಮ ತಾಯಿ ಸೀಮೆಸುಣ್ಣದ ಕೋಣೆಯೊಳಗೇ ಕಾಲು ಚಾಚಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ವಚನಾ ಮಾತು ಮುಗಿಸಿದ ಮೇಲೂ ಬಿಡಿಸುತ್ತಲೇ ಇದ್ದರು, ಎಲೆಯನ್ನು ಕಸಕ್ಕೆ, ಕಡ್ಡಿಯನ್ನು ಬುಟ್ಟಿಗೆ ಹಾಕುತ್ತ. ನಿನ್ನೆ ಸ್ನಾನದ ಹೊತ್ತಿಗೆ ಬಚ್ಚಲ ಬಾಗಿಲಿಗೆ ಬರಲಿಲ್ಲ. ಕರಡಿಗೆ ನನ್ನ ಅಂಗೈಯಲ್ಲೇ ಇತ್ತು. ಈಗ ಈ ಕಾಗದ ಮಡಚುತ್ತಿರುವಾಗ, "ಅವಗ ಬರಿಯಾಕತ್ತಿಯೇನು?" ಎಂದು ಕೇಳಿದರು. ಹೌದೆಂದೆ. ಎರಡು ಮಾತು ಸೇರಿಸಲು ಹೇಳಿದ್ದಾರೆ, ಹೇಳಿದಂತೆಯೇ ಬರೆಯುತ್ತೇನೆ: "ಹಡಗದಾಗ ನನ್ನ ಹೆಸರು ಇರ್ಲಿ, ಅವನ್ದ ತಗಿ. ಮತ್ತ ಐತಾರ ಬರೂಮುಂದ ಅವತ್ತ ಮೋರ್ಯಾಗ ಹಿಡದಿದ್ದ ಆ ಬ್ಯಾಟರಿ ಮರೀದ ತಗೊಂಡು ಬಾ ಅನ್ನು, ಅವನ ಮಾರಿ ಒಮ್ಮೆ ಸರಿಯಾಗಿ ನೋಡಬೇಕಾಗೇದ."