ಹೆಬ್ಬೆರಳಿನ ಅಳತೆ

ಹೊಲಿಗೆ ಅಂಗಡಿಯ ಹಿಂದಿನ ಕೋಣೆ
ತಾರೀಖು ಹದಿನಾಲ್ಕು, ಮಂಗಳವಾರ, ಊಟಕ್ಕೆ ಮುಂಚೆ

ಪ್ರೀತಿಯ ಅಕ್ಕಾ,

ನಿನ್ನ ಕಾಲಿಗೆ ದೂರದಿಂದಲೇ ನಮಸ್ಕಾರ. ಹೊದಿಕೆ ತಾಗಿದರೂ ಜೀವ ಹೋಗುವಂಥ ನೋವು ಅದು ಅಂತ ನನಗೆ ಗೊತ್ತಿಲ್ಲವೇ. ಹೇಗಿದ್ದೀಯ? ನಿದ್ದೆ ಬರುತ್ತಿದೆಯೇ? ಜ್ವರ ಇಳಿಯಿತೇ? ಭಾವನವರ ಕಾಗದ ಬೆಳಿಗ್ಗೆ ಬಸ್ಸಿನ ಡ್ರೈವರ್ ಕೈಯಲ್ಲಿ ಬಂತು, ಜೊತೆಗೆ ನಿನ್ನ ಕಷಾಯದ ಬಾಟಲಿಯೂ. ನಮ್ಮಿಬ್ಬರನ್ನೂ ಕಾಡುವ ಈ ಗೌಟಿಗೆ, ಅದೇ ಕೀಲುವಾತಕ್ಕೆ, ಡಾಕ್ಟರು ಕೊಟ್ಟ ಮಾತ್ರೆಯನ್ನು ನೀನು ತಿಂಗಳ ಹಿಂದೆಯೇ ನಿಲ್ಲಿಸಿ ಬರೀ ಈ ಕಷಾಯವನ್ನೇ ಕುಡಿಯುತ್ತಿದ್ದೀಯಂತೆ. ಈಗ ಮೊಣಕಾಲು ಕುಂಬಳಕಾಯಿಯಾಗಿದೆಯಂತೆ. ಭಾವ ಬಾಯಿ ತೆರೆದರೆ ಸಾಕು, "ನನ್ನ ತಮ್ಮಂಗೆ ವಾಸಿಯಾಗ್ಲಿಲ್ವಾ? ಅಳತೆ ಸಮೇತ ಬರ್ದಿದಾನೆ, ನೋಡ್ಕೊಳ್ಳಿ" ಎಂದು ನನ್ನ ಕಾಗದಗಳನ್ನೇ ಬೀರುವಿನಿಂದ ತೆಗೆದು ಅವರ ಮುಖಕ್ಕೆ ಹಿಡಿಯುತ್ತೀಯಂತೆ. ಅದನ್ನು ಓದಿದ ಮೇಲೆ ನನಗೆ ಒಂದು ಗುಂಡಿಯನ್ನೂ ನೆಟ್ಟಗೆ ಹಚ್ಚಲಾಗಿಲ್ಲ.

ಈ ಕಡೆಯ ಸಮಾಚಾರ ಹೇಳುತ್ತೇನೆ. ಕಾಲು ಚೆನ್ನಾಗಿದೆ, ದಿನಕ್ಕೆ ಆರು ಗಂಟೆ ಮಿಷನ್ ತುಳಿಯುತ್ತೇನೆ. ಇಲ್ಲಿನ ಡಾಕ್ಟರು ಹೇಳಿದಂತೆ ಬಿಯರಿಲ್ಲ, ಲಿವರಿಲ್ಲ, ಬಾಟಲಿಯ ಸಿಹಿ ಶರಬತ್ತೂ ಇಲ್ಲ. ನೀರು, ನೀರು, ಮತ್ತೆ ನೀರು. ಮೊನ್ನೆ ಲಿವರ್ ಹುರಿಯುವ ಅಂಗಡಿಯ ಮುಂದೆ ಹೋದೆ. ಕಪ್ಪು ಬಾಣಲೆ, ಅದರ ಅಂಚಿಗೆ ಹೆಪ್ಪುಗಟ್ಟಿದ ಕೊಬ್ಬು, ಆ ಕೊಬ್ಬಿನಲ್ಲಿ ಕಾಲು ಸಿಕ್ಕಿಸಿಕೊಂಡ ಒಂದು ನೊಣ. ಥೂ! ಇದನ್ನೇ ಅಲ್ಲವೇ ಪ್ರತಿ ಶನಿವಾರ ಬೆರಳು ನೆಕ್ಕುತ್ತ ತಿಂದದ್ದು ಎಂದು ರಸ್ತೆಯ ಆಚೆ ಬದಿಗೆ ದಾಟಿಬಿಟ್ಟೆ. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಇಂಥ ಅಸಹ್ಯಕ್ಕೊಂದು ಒಳ್ಳೆಯ ಶಬ್ದ ಹೇಳಿದ್ದರು. ರಿಪಲ್ಸಿವ್ ಅಂತಲೋ, ರಿಪಬ್ಲಿಕ್ ಅಂತಲೋ. ಎರಡು ವರ್ಷಕ್ಕೆ ಬಿಟ್ಟ ಬಿ.ಎ.ಯಲ್ಲಿ ಉಳಿದದ್ದು ಇಷ್ಟೇ.

ಅಸಹ್ಯದ ಮಾತು ಬಂತು ಎಂದು ಹೇಳುತ್ತೇನೆ, ಸಿಟ್ಟಾಗಬೇಡ. ನಿನ್ನ ಕಷಾಯದ ಬಣ್ಣ ನೆಲ ಒರೆಸಿದ ಬಟ್ಟೆ ಹಿಂಡಿದ ನೀರಿನದು. ಕೋಸಿನ ಎಲೆ, ಬೆಳ್ಳುಳ್ಳಿ, ಮೆಂತ್ಯ, ವಿನೆಗರ್ ಎಲ್ಲ ಒಟ್ಟಿಗೆ ಕೊಳೆತು ಬಾಟಲಿಯ ಕತ್ತಿನಲ್ಲಿ ಸಿಂಬಳದಂತೆ ತೂಗುತ್ತಿರುತ್ತದೆ. ಹೋದ ವಾರ ಕತ್ತರಿಸುವ ಮೇಜಿನ ಕೆಳಗಿದ್ದ ಒಂದು ಬಾಟಲಿ ತಾನಾಗಿಯೇ ಢಂ ಎಂದು ಒಡೆದು, ಗಿರಾಕಿಯ ಬಿಳಿ ಪ್ಯಾಂಟಿನ ತುಂಬ ಹಸಿರು ಲೋಳೆ. ಪಕ್ಕದ ಕ್ಷೌರಿಕ ಮೂಗು ಮುಚ್ಚಿಕೊಂಡು ಬಂದು, "ಟೈಲರಣ್ಣಾ, ಒಳಗೆ ಇಲಿ ಸತ್ತಿದೆಯೋ, ನೀವೇ ಹೋಗ್ಬಿಟ್ರೋ?" ಎಂದ. ಮೂರು ಸಲ ಸೋಪು ಹಾಕಿ ಒಗೆದರೂ ವಾಸನೆ ಹೋಗಲಿಲ್ಲ. ಆ ಪ್ಯಾಂಟಿಗೆ ಬದಲು ಹೊಸದನ್ನೇ ಹೊಲಿದುಕೊಟ್ಟೆ.

ಆದರೆ ಬಾಟಲಿಯ ಕತ್ತಿಗೆ ನೀನು ಸುತ್ತಿದ ದಾರ ನೋಡಿದರೆ ಹೀಗೆ ಹಳಿಯಲು ಮನಸ್ಸು ಬರುವುದಿಲ್ಲ. ಸೊಟ್ಟಗಾದ ಬೆರಳಿನಲ್ಲಿ ನೀನೇ ಬೆಳ್ಳುಳ್ಳಿ ಸುಲಿಯುತ್ತೀಯ ಎಂದು ಗೊತ್ತು. ನನ್ನ ಮನೆಯವಳು ತೀರಿಕೊಂಡ ಮೇಲೆ ನಾನು ತಿಂದೆನೋ ಬಿಟ್ಟೆನೋ ಎಂದು ಕೇಳುವ ಜೀವ ನೀನೊಬ್ಬಳೇ. ಮೊದಲ ಬಾಟಲಿ ಬಂದಾಗ ನೀನೇ ಅಲ್ಲವೇ ಬರೆದದ್ದು, ಟೈಲರು ತಾನೇ, ವಾರ ವಾರ ಕಾಲಿನ ಹೆಬ್ಬೆರಳಿಗೆ ಟೇಪು ಸುತ್ತಿ ಅಳತೆ ಕಳಿಸು ಎಂದು. ಕಳಿಸಿದೆ. ನಾಲ್ಕೂವರೆ ಇಂಚು, ನಾಲ್ಕೂಕಾಲು, ನಾಲ್ಕು, ಈಗ ಮೂರೂವರೆ. ಪ್ರತಿ ಕಾಗದದ ಕೊನೆಗೆ "ಎಲ್ಲ ನಿನ್ನ ಕಷಾಯದ ಮಹಿಮೆ" ಎಂದು ಒಂದು ಸಾಲು. ಇವಳು ಇದ್ದಾಗ, ನೀನು ಹೆಣೆದು ಕಳಿಸಿದ ಸ್ವೆಟರು ಬಿಗಿಯಾದರೂ ಚೆನ್ನಾಗಿದೆ ಎಂದು ನಾನು ಬರೆಯುವಾಗ, ಬೆನ್ನ ಹಿಂದೆ ನಿಂತು ಹೇಳುತ್ತಿದ್ದಳು: "ಅಕ್ಕಂಗೆ ಹಾಗೆಲ್ಲ ಬರೀಬೇಡಿ ರೀ. ಅವರು ನಂಬಿಬಿಡ್ತಾರೆ."

ಬೆಳಿಗ್ಗೆ ಫೋನ್ ಮಾಡಿ ಮಾತಾಡದೆ ಇಟ್ಟವನು ನಾನೇ. ನೀನು ಎತ್ತಿದ ಕೂಡಲೇ, "ಯಾರು, ಪುಟ್ಟಾನಾ? ಬಾಟಲಿ ಮುಗೀತೇನೋ?" ಅಂದೆ. ಅರವತ್ತೆರಡು ವರ್ಷದ ಗಂಡಸು ನಾನು, ಫೋನ್ ಇಟ್ಟು ಕಾಗದ ಪೆನ್ನು ಹುಡುಕಿದೆ. ಆಗ ನನ್ನ ಬಗ್ಗೆಯೇ ಹುಟ್ಟಿದ ಹೇಸಿಗೆಯ ಮುಂದೆ ಆ ಬಾಣಲೆಯೂ ನೊಣವೂ ಎಷ್ಟೋ ವಾಸಿ.

ಭಾವನವರಿಗೆ ನಮಸ್ಕಾರ ತಿಳಿಸು. ಅವರ ಮೇಲೆ ರೇಗಬೇಡ, ಅವರು ಹೇಳುತ್ತಿರುವುದು ಸರಿ. ನಿನ್ನ ಆಶೀರ್ವಾದ ಈ ಕಾಗದ ಓದಿ ಮುಗಿಸಿದ ಮೇಲೂ ಉಳಿದಿದ್ದರೆ, ಸ್ವಲ್ಪ ಇತ್ತ ಕಳಿಸು.

ಇಂತಿ ನಿನ್ನ ಒಬೀಡಿಯೆಂಟ್ ತಮ್ಮ (ಆ ಶಬ್ದಕ್ಕೆ ನಾನು ಯೋಗ್ಯನಲ್ಲ),
ಪುಟ್ಟ

ಮರೆತ ಮಾತು: ಮರೆತದ್ದಲ್ಲ, ಮೂರು ಹಾಳೆ ತುಂಬಿಸಿದರೂ ಬರೆಯಲು ಧೈರ್ಯ ಬರಲಿಲ್ಲ. ಡ್ರೈವರ್ ಹಾರನ್ ಹೊಡೆಯುತ್ತಿದ್ದಾನೆ. ಅಕ್ಕಾ, ನಿನ್ನ ಕಷಾಯ ನಾನು ಒಂದು ತೊಟ್ಟೂ ಕುಡಿದಿಲ್ಲ. ಒಡೆದದ್ದು ಬಿಟ್ಟು ಉಳಿದ ಎಂಟೂ ಮೇಜಿನ ಕೆಳಗಿವೆ. ಅಳತೆಗಳೆಲ್ಲ ನಿಜ, ಕಾರಣ ಸುಳ್ಳು. ಬಾಯಿ ಕಟ್ಟಿದ್ದು ನಿಜ, ಅದರ ಜೊತೆ ಡಾಕ್ಟರ ಮಾತ್ರೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ಜ್ವರವೂ ಇದೆಯಲ್ಲ, ಸಂಜೆ ಈ ಕಾಗದ ಕೈಸೇರಿದ ಕೂಡಲೇ ಭಾವನ ಜೊತೆ ಡಾಕ್ಟರ ಹತ್ತಿರ ಹೋಗು, ಮಾತ್ರೆ ಬಿಟ್ಟದ್ದನ್ನು ಹೇಳು. ನಾಳೆ ಮೊದಲ ಬಸ್ಸಿಗೆ ಟೇಪು ಹಿಡಿದುಕೊಂಡು ನಾನೇ ಬರುತ್ತೇನೆ, ಇನ್ನು ನಿನ್ನ ಮೊಣಕಾಲಿನ ಅಳತೆ ಬರೆಯೋಣ. ಮೊದಲು ಮಾತ್ರೆ ನುಂಗು, ಆಮೇಲೆ ಬಾಯಿ ತುಂಬ ಬೈಯಿ.