ಪ್ಯಾಂಟ್ ಹಾಕ್ಕೊಂಡ ಅವ್ವ

ಸಿಂಗಾಪುರ
ಭಾನುವಾರ, 9 ನವೆಂಬರ್ 2025

ನನ್ನ ಬಂಗಾರ ಮಾಲಿನಿಗೆ,

ನಿಮ್ಮವ್ವ ಹುಲಿಗೆಮ್ಮನ ಆಶೀರ್ವಾದ. ನಾನಿಲ್ಲಿ ಗುಂಡುಕಲ್ಲಿನ ಹಂಗೆ ಇದೀನಿ. ನೀನು, ಅಳಿಯ ದೇವರಾಜಪ್ಪ, ಹೊಟ್ಟೇಲಿರೋ ಪುಟ್ಟಯ್ಯನೋ ಪುಟ್ಟಮ್ಮನೋ ಎಲ್ಲ ಚೆನ್ನಾಗಿರ್ಬೇಕು. ಬರೆಯೋದು ತಡವಾಯ್ತು, ಬೈಕೋಬೇಡ. ಎಂಟನೇ ಕ್ಲಾಸಲ್ಲಿ ಬಿಟ್ಟ ಪೆನ್ನು, ಕೈ ಓಡಲ್ಲ. ವಾಟ್ಸಾಪ್ ಕಾಲದಲ್ಲಿ ಇದೆಂಥ ಕಾಗದ ಅಂತ ನಗ್ತೀಯ. ಫೋನ್ ಮಾಡಿದ್ರೆ ನಿಮ್ಮತ್ತೆ ಸ್ಪೀಕರ್ ಹಾಕಿಸ್ತಾರಲ್ಲೇ, ತಾಯಿ ಮಗಳ ಮಾತು ಬೀದಿಗೆಲ್ಲ ಕೇಳ್ಬೇಕಾ? ನಮ್ಮ ಬಿಲ್ಡಿಂಗಲ್ಲೇ ಕೂಸು ನೋಡ್ಕೊಳ್ಳೋ ದೇವನೂರಿನ ಅಕ್ಷತಾ ನಾಳಿದ್ದು ರಜಕ್ಕೆ ಊರಿಗೆ ಹೊರಟವ್ಳೆ. ನಿನ್ನ ಕೈಗೇ ಕೊಡು ಅಂತ ಹೇಳಿ ಕಳಿಸ್ತಿದೀನಿ.

ಮೊದ್ಲು ಮುಖ್ಯವಾದ ಮಾತು. ನಮ್ಮ ಮೇಡಂ ಮೂರು ತಿಂಗಳು ರಜ ಕೊಟ್ಟವ್ರೆ. ಡಿಸೆಂಬರ್ ಕೊನೆಗೆ ಬತ್ತೀನಿ, ಜನವರಿಗೆ ನಿನ್ನ ಹೆರಿಗೆ. ಚೊಚ್ಚಲು ತವರಲ್ಲೇ ಆಗ್ಬೇಕು ಕಣೇ, ಬಾಣಂತನ ನನ್ನ ಕೈಯಲ್ಲೇ ನಡೀಬೇಕು. ಹೋದ ವಾರ ಕೇಳಿದ್ರೆ, "ಅತ್ತೆ ಕಡೂರಲ್ಲೇ ಇರು ಅಂತಾರೆ, ನೋಡಣ" ಅಂದೆ. ನೋಡಣ ಅಂದ್ರೇನೇ? ಬುಕ್ಕಾಂಬುಧಿ ಸುತ್ತಮುತ್ತ ಯಾರ ಮನೇಲಿ ಕೂಸು ಹುಟ್ಟಿದ್ರೂ ನೀರು ಹಾಕಕ್ಕೆ ನನ್ನೇ ಕರೀತಿದ್ರು. ಊರ ಮಕ್ಕಳೆಲ್ಲ ಮಲಗಿ ಮಿಂದ ಈ ಕಾಲಿನ ಮೇಲೆ ನನ್ನ ಮೊಮ್ಮಗು ಮಲಗದಿದ್ರೆ ಈ ಕಾಲು ಇದ್ದೇನು ಬಂತು? ನಿಮ್ಮಪ್ಪ ಆಗ್ಲೇ ಬಚ್ಚಲಿಗೆ ಗಾರೆ ಮಾಡಿಸಿ, ಹಂಡೇನ ಹುಣಿಸೆಹಣ್ಣಲ್ಲಿ ಫಳಫಳ ಅನ್ನೋ ಹಂಗೆ ತಿಕ್ಕಿ ಫೋಟೋ ಕಳಿಸಿದಾರೆ. ಒಂದು ಮುದ್ದೆ ಗಂಟಿಲ್ಲದೆ ಕೂಡಿಸಕ್ಕೆ ಬರಲ್ಲ, ಹಂಡೆ ಮಾತ್ರ ಕನ್ನಡಿ!

ನಾನು ನೋಡ್ಕೊಳ್ಳೋ ಕೂಸು ಜುನ್‌ಗೆ ಈಗ ಒಂದೂವರೆ ವರ್ಷ. ಬಂದ ಹೊಸದರಲ್ಲಿ ನಾನು ಬಚ್ಚಲಲ್ಲಿ ಕಾಲು ನೀಡಿ ಕೂತು ಅವನ್ನ ಕಾಲ ಮೇಲೆ ಬೋರಲು ಹಾಕ್ಕೊಂಡಾಗ ಮೇಡಂ ಎದೆ ಮೇಲೆ ಕೈ ಇಟ್ಕೊಂಡು ಬಾಗಿಲಲ್ಲೇ ನಿಂತ್ಬಿಟ್ರು. ಅವರ ಇಂಗ್ಲಿಷು ನನಗೆ ಅರ್ಧ, ನನ್ನ ಇಂಗ್ಲಿಷು ಅವರಿಗೆ ಕಾಲು, ಏನಂತ ಹೇಳ್ಲಿ? ನೀರು ಹಾಕಿ ಒರೆಸಿ ಮಲಗಿಸಿದೆ. ರಾತ್ರಿಯೆಲ್ಲ ರಚ್ಚೆ ಹಿಡೀತಿದ್ದ ಕೂಸು ಸಂಜೇವರೆಗೂ ಕಣ್ಣು ಬಿಡ್ಲಿಲ್ಲ ನೋಡು. ಅವತ್ತಿಂದ ಮೇಡಂ ಸೊಲ್ಲೆತ್ತಿಲ್ಲ.

ನನಗೂ ಕೊಬ್ಬು ಬಂತು. ನೀರಾದ್ಮೇಲೆ ಧೂಪ ಬೇಡ್ವಾ ಅಂತ, ತೆಂಗಿನ ಚಿಪ್ಪು ಸುಟ್ಟು ಬಾಂಡ್ಲೀಲಿ ಕೆಂಡ ಮಾಡಿ ಸಾಂಬ್ರಾಣಿ ಉದುರಿಸಿದೆ. ಅಯ್ಯೋ ಶಿವನೇ! ಚಾವಣಿಯಲ್ಲಿದ್ದ ಯಂತ್ರ ಬಾಯಿ ಬಡ್ಕೊಳ್ತು ನೋಡು, ಇಡೀ ಬಿಲ್ಡಿಂಗು ಮೆಟ್ಟಿಲಿಳಿದು ಬೀದಿಗೆ ಬಂತು. ವಾಚ್‌ಮನ್ ಓಡಿ ಬಂದು "ಬೆಂಕಿ ಎಲ್ಲಿ?" ಅಂದ. ನಾನು ಒಂದು ಕೈಲಿ ಕೂಸು, ಒಂದು ಕೈಲಿ ಬಾಂಡ್ಲಿ ಹಿಡ್ಕೊಂಡು ನಿಂತಿದ್ದೆ. ಭೂಮಿ ಬಾಯಿಬಿಡಬಾರದಾ ಅನ್ನಿಸ್ತು. ಮೇಡಂ ಮಾತ್ರ ಹೊಟ್ಟೆ ಹಿಡ್ಕೊಂಡು ನಕ್ರು.

ನನ್ನ ಹೆಸರು ಪೂರ್ತಿ ಇಲ್ಲಿ ಯಾರ ನಾಲಿಗೆಗೂ ಹೊರಳಲ್ಲ, ಹುಲಿ ಅಂತಾರೆ. ಜುನ್ ಅಂತೂ ಲಿಫ್ಟಲ್ಲಿ ಯಾರೇ ಬರ್ಲಿ, ನನ್ನ ಸೆರಗು ಹಿಡಿದು "ಹುಲಿ, ಹುಲಿ" ಅಂತ ಅವರಿಗೆಲ್ಲ ತೋರಿಸ್ತಾನೆ. ಪೋರ!

ಭಾನುವಾರ ಬಂತು ಅಂದ್ರೆ ನಾನು ಯಾರ ಕೈಗೂ ಸಿಗಲ್ಲ ಕಣೇ. ಅಕ್ಷತಾನ ಕಟ್ಕೊಂಡು ಚಿತ್ರಾನ್ನದ ಡಬ್ಬಿ ಹಿಡಿದು ಹೊರಟುಬಿಡ್ತೀನಿ. ಇಲ್ಲಿ ಎರಡು ಅಂತಸ್ತಿನ ಬಸ್ಸು. ಮೇಲೆ ಮುಂದಿನ ಸೀಟಲ್ಲಿ ಕೂತ್ರೆ ಡ್ರೈವರು ಕಾಣಲ್ಲ, ನಾನೇ ಓಡಿಸ್ದಂಗಿರುತ್ತೆ. ತರೀಕೆರೆ ಬಸ್ಟ್ಯಾಂಡಲ್ಲಿ ಕರ್ಚೀಫ್ ಎಸೆದು ಸೀಟು ಹಿಡಿದೋಳು ನಾನು, ಇಲ್ಲೂ ಓಡಿ ಹೋಗಿ ಹಿಡೀತೀನಿ. ಅಕ್ಷತಾಗೆ ನಾಚಿಕೆ. ಕಾಡಿನ ನಡುವೆ ಒಂದು ದೊಡ್ಡ ಕೆರೆ ಅದೆ. ಅದರ ದಡದಲ್ಲಿ ನಡೆದ್ರೆ ಥೇಟ್ ಬುಕ್ಕಾಂಬುಧಿ ಏರಿ. ಮೊದಲ ಸಲ ಹೋದಾಗ ಸುಮ್ಮನೆ ಕೂತು ಅತ್ತುಬಿಟ್ಟೆ, ಆಮೇಲೆ ಡಬ್ಬಿ ಬಿಚ್ಚಿ ತಿಂದೆ.

ಹೋದ ತಿಂಗಳು ದೋಣೀಲಿ ಒಂದು ದ್ವೀಪಕ್ಕೆ ಹೋಗಿದ್ವಿ. ಅಲ್ಲಿ ಬಾಡಿಗೆ ಸೈಕಲ್ ಕೊಡ್ತಾರೆ. ಹುಡುಗಿ ಆಗಿದ್ದಾಗ ನಮ್ಮಪ್ಪನ ಸೈಕಲ್ಲು ಕದ್ದು ಏರಿ ಮೇಲೆ ಕಲ್ತಿದ್ದೆ, ಮದುವೆ ಆದ್ಮೇಲೆ ಮುಟ್ಟಿರಲಿಲ್ಲ. ಸೀರೆ ಚೈನಿಗೆ ಸಿಗುತ್ತೆ ಅಂತ ಅಕ್ಷತಾ ತನ್ನ ಪ್ಯಾಂಟ್ ಹಾಕ್ಸಿದ್ಲು. ಒಂದು ಸಲ ಬಿದ್ದೆ, ಆಮೇಲೆ ಇಳಿಜಾರಲ್ಲಿ ಬಿಟ್ಟೆ ನೋಡು, ಗಾಳಿ ಕಿವೀಲಿ ಹೊಕ್ಕು ಹೊರಡ್ತಿತ್ತು. ಜನ್ಮದಲ್ಲಿ ಅಷ್ಟು ಖುಷಿ ಪಟ್ಟಿರಲಿಲ್ಲ. ಅವತ್ತೇ ನಿನ್ನ ಬಳೆ ಶಾಸ್ತ್ರ. ಹಸಿರು ಬಳೆ ತೊಟ್ಟ ನಿನ್ನ ಕೈ ನೋಡಣ ಅಂತ ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿದ್ದು. ಆಮೇಲೆ ನೀನು "ನೆಟ್‌ವರ್ಕ್ ಹೋಯ್ತು ಅವ್ವ" ಅಂತ ಮೆಸೇಜ್ ಹಾಕಿದ್ಯಲ್ಲ, ಅವತ್ತು.

ಸರಿ, ಕತ್ತಲಾಯ್ತು. ಪಪ್ಪಾಯ ಮುಟ್ಬೇಡ. ಭಾರ ಎತ್ಬೇಡ. ಎಡಮಗ್ಗುಲಲ್ಲಿ ಮಲಕ್ಕೋ. ಅಕ್ಷತಾ ಕೈಲಿ ಕೂಸಿಗೆ ಒಂದು ಮೆತ್ತನೆ ಟವೆಲ್ ಕಳಿಸಿದೀನಿ, ಅದರ ಮೇಲೆ ಆನೆ ಅದೆ. ಅತ್ತೆ ಹತ್ರ ಜಗಳ ಬೇಡ, "ನಾನು ನಮ್ಮವ್ವನ ಮನೆಗೆ ಹೋಯ್ತೀನಿ" ಅಂತ ಒಂದು ಮಾತು ಬಾಯಿಬಿಟ್ಟು ಹೇಳು, ಸಾಕು. ನೀನು ಹೇಳಿದ್ರೆ ಅಳಿಯಂದಿರು ಬೇಡ ಅನ್ನಲ್ಲ. ತಣ್ಣಗೆ ಇರು ತಾಯಿ. ನಿನ್ನ ಮಡಿಲು ತುಂಬಿ, ಮನೆ ತುಂಬಿ, ನೂರು ಕಾಲ ಬಾಳು.

ನಿನ್ನ ಹೆತ್ತವ್ವ,
ಹುಲಿಗೆಮ್ಮ

ಮರೆತು ಬಿಟ್ಟಿದ್ದಲ್ಲ, ಬರೀಲೋ ಬೇಡ್ವೋ ಅಂತ ಕೂತಿದ್ದು ಬರೀತಿದೀನಿ. ಅವತ್ತು ನೆಟ್‌ವರ್ಕ್ ಹೋಗಿರಲಿಲ್ಲ ಕಣವ್ವ. ನೀನು ಫೋನು ಮಗುಚಿ ಹಾಕಿದ್ದೆ, ಅಷ್ಟೇ. ನನಗೆಲ್ಲ ಕೇಳ್ತಿತ್ತು. "ಯಾರೇ ಅದು, ಪ್ಯಾಂಟ್ ಹಾಕ್ಕೊಂಡು ಸೈಕಲ್ ಹಿಡ್ಕೊಂಡಿರೋಳು?" ಅಂತ ಯಾವಳೋ ಕೇಳಿದ್ಲು. ನೀನು "ಯಾರೋ ಪರಿಚಯದೋರು" ಅಂದೆ. ರೇಷ್ಮೆ ಸೀರೆ ಹೆಂಗಸರ ಮಧ್ಯೆ ಕೂತಿದ್ದೆ, ಅವ್ವ ಅಂದಿದ್ರೆ "ಕಂಡೋರ ಮಕ್ಕಳ ಕುಂಡಿ ತೊಳೆಯೋಕೆ ಹೋದೋಳಾ?" ಅಂತಿದ್ರು. ನಿನ್ನ ಕಷ್ಟ ನನಗೆ ತಿಳಿಯಲ್ವಾ? ಕೋಪ ಇಲ್ಲ. ಆದ್ರೆ ನೋವಾಯ್ತು ಕಣೇ, ಸುಳ್ಳು ಯಾಕೆ ಹೇಳ್ಲಿ. ವಾಪಸ್ ದೋಣೀಲಿ ಬರೋವಾಗ ನನಗೆ ಸಮುದ್ರಾನೇ ಕಾಣ್ಲಿಲ್ಲ. ಕಂಡೋರ ಕೂಸು ಲಿಫ್ಟಲ್ಲಿ ಬಂದೋರಿಗೆಲ್ಲ ನನ್ನನ್ನ ತೋರಿಸುತ್ತೆ ಮಾಲಿನಿ.

ನಿನ್ನ ಕರ್ಕೊಂಡು ಹೋಗಕ್ಕೆ ನಾನೇ ಕಡೂರಿಗೆ ಬತ್ತೀನಿ. ಪ್ಯಾಂಟ್ ಹಾಕ್ಕೊಂಡೇ ಹೋಗಣ ಅಂತ ಹಟ ಬಂದಿತ್ತು, ನಿನ್ನ ಮುಖ ನೆನೆಸ್ಕೊಂಡು ಸೀರೇನೇ ಉಡ್ತೀನಿ. ಬಾಗಿಲಲ್ಲಿ ಅವತ್ತು ಕೇಳಿದೋಳೇ ನಿಂತು "ಯಾರು?" ಅಂದ್ರೆ ನಾನು ಬಾಯಿ ಬಿಡಲ್ಲ. ನೀನು ಬಂದು ಹೇಳೋವರೆಗೂ ಹೊಸ್ತಿಲಾಚೆ ನಿಂತಿರ್ತೀನಿ.